ಭತ್ತವೋ ರಾಗಿಯೋ, ಫುಲ್‌ಫ್ರೇಮೋ ಕ್ರಾಪೋ?

ಕಳೆದ ಎರಡು ವಾರದಿಂದ ನಮ್ಮ ಕನ್ನಡ ಸಂಘದ ವಾಟ್ಸಾಪ್ ಗ್ರೂಪಿನಲ್ಲಿ ಬೇರೆ ಮಾತೇ ಇಲ್ಲ. ಕವಿತೆ ಹಾಕುವವರು ಹಾಕುವುದನ್ನು ಬಿಟ್ಟಿದ್ದಾರೆ. ದಿನಾ ಬೆಳಿಗ್ಗೆ ‘ಶುಭೋದಯ’ ಕಳಿಸುವವರೂ ಹೆದರಿ ಸುಮ್ಮನಾಗಿದ್ದಾರೆ. ಕಾರಣ ಎಲ್ಲರಿಗೂ ಗೊತ್ತೇ ಇದೆ. ಹಳೆಯ ವಿದ್ಯಾರ್ಥಿಗಳು ಸಂಘದ ಫೋಟೊ ತಂಡಕ್ಕೆ ಅಂತ ದುಡ್ಡು ಕೂಡಿಸಿ ಕೊಟ್ಟಿದ್ದಾರೆ. ಆ ದುಡ್ಡಿಗೆ ಒಂದು ಫುಲ್‌ಫ್ರೇಮ್ ಕ್ಯಾಮೆರಾದ ಬಾಡಿ ಬರುತ್ತದೆ, ಲೆನ್ಸ್ ಬರುವುದಿಲ್ಲ. ಇಲ್ಲವೇ ಈಗ ನಮ್ಮ ಹತ್ತಿರ ಇರುವ ಹಳೆಯ ಕ್ರಾಪ್ ಸೆನ್ಸರ್ ನಿಕಾನಿಗೆ ಒಳ್ಳೆಯ ಮ್ಯಾಕ್ರೊ ಲೆನ್ಸು, ಫ್ಲ್ಯಾಶು, ಎಕ್ಸ್‌ಟೆನ್ಷನ್ ಟ್ಯೂಬು ಎಲ್ಲ ಬಂದು ಇನ್ನೂ ಸ್ವಲ್ಪ ಉಳಿಯುತ್ತದೆ. ಮುಂದಿನ ಶನಿವಾರದ ಸಭೆಯಲ್ಲಿ ತೀರ್ಮಾನ ಆಗಬೇಕು.

ಬಹುಮತ ಫುಲ್‌ಫ್ರೇಮ್ ಕಡೆಗಿದೆ. “ಕ್ರಾಪ್ ಅಂದ್ರ ಕಲಿಯೋರ ಕ್ಯಾಮೆರಾ, ಎಷ್ಟು ದಿನ ಕಲೀತೀರಲೇ?” ಅಂತ ಒಬ್ಬ ಕೇಳಿದ. ಅದಕ್ಕೆ ನಲವತ್ತು ಜನ ನಗುವ ಮುಖ ಹಾಕಿದರು. ಫೋಟೊ ತಂಡದ ನಾವು ನಾಲ್ಕು ಜನ ಮಾತ್ರ ಫುಲ್‌ಫ್ರೇಮ್ ಬೇಡ ಅನ್ನುತ್ತಿದ್ದೇವೆ. ಗ್ರೂಪಿನಲ್ಲಿ ಉದ್ದ ಬರೆದರೆ ಯಾರೂ ಓದುವುದಿಲ್ಲ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇವೆ. ನಮ್ಮ ವಾದ ಬರೀ ಲೆಕ್ಕದ್ದಲ್ಲ. ಕಾಗಿನೆಲೆಯ ಹತ್ತಿರದ ಒಂದು ಮೆಣಸಿನಕಾಯಿ ಹೊಲದಲ್ಲಿ ನಾವು ಮಾಡಿದ ತಪ್ಪೂ ಅದರೊಳಗೆ ಸೇರಿದೆ. ಆ ತಪ್ಪಿನಿಂದಲೇ ಶುರು ಮಾಡುತ್ತೇವೆ.

ಚಂದದ ಫೋಟೊ, ಹುಳ ಎಲ್ಲಿ?

ನಮ್ಮ ತಂಡದ ಗೆಳೆಯನೊಬ್ಬನ ಮನೆ ಕಾಗಿನೆಲೆಯ ಹತ್ತಿರ. ಮನೆಯವರದು ಮೆಣಸಿನಕಾಯಿ ಹೊಲ. ಬ್ಯಾಡಗಿ ಮೆಣಸಿನಕಾಯಿ ಅಂದರೆ ಏನು ಅಂತ ಈ ಪತ್ರಿಕೆ ಓದುವವರಿಗೆ ಹೇಳಬೇಕಾಗಿಲ್ಲ. ಖಾರ ಕಡಿಮೆ, ಬಣ್ಣ ಜಾಸ್ತಿ, ಮೈತುಂಬ ಸುಕ್ಕು. ಕಡ್ಡಿ ಮತ್ತು ಡಬ್ಬಿ ಅಂತ ಎರಡು ಜಾತಿ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಆದರೆ ಹೊಲದಲ್ಲಿರುವ ಗಿಡಕ್ಕೆ ಆ ಮಾನ್ಯತೆ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ಹೋದ ವರ್ಷ ಸೆಪ್ಟೆಂಬರ್ ಕೊನೆಯಲ್ಲಿ ಗೆಳೆಯನ ಅಪ್ಪ, ನಾವೆಲ್ಲ ಕಾಕಾ ಅಂತ ಕರೆಯುವವರು, ಫೋನಿನಲ್ಲಿ ಹೇಳಿದರು: “ಎಲಿ ಮುಟುರು ಬಿದ್ದಾವ್ ನೋಡ್ರಪಾ. ಎರಡ ಸಲ ಎಣ್ಣಿ ಹೊಡದ್ರೂ ಜಗ್ಗವಲ್ದು. ನಿಮ್ಮ ಕ್ಯಾಮೆರಾದಾಗ ಏನರ ಕಾಣಸ್ತದೇನು?”

ನಮಗೆ ಖುಷಿಯೋ ಖುಷಿ. ಅವತ್ತೇ ಬ್ಯಾಡಗಿಯಲ್ಲಿ ಮದುವೆ ಫೋಟೊ ತೆಗೆಯುವ ಪರಿಚಯದ ಅಣ್ಣನೊಬ್ಬನ ಹತ್ತಿರ ಎರಡು ದಿನದ ಮಟ್ಟಿಗೆ ಫುಲ್‌ಫ್ರೇಮ್ ಕ್ಯಾಮೆರಾ ಮತ್ತು ಮ್ಯಾಕ್ರೊ ಲೆನ್ಸ್ ಬೇಡಿ ತಂದೆವು. ನಮ್ಮ ಹಳೆ ನಿಕಾನನ್ನು ಹಾಸ್ಟೆಲ್ಲಿನಲ್ಲೇ ಬಿಟ್ಟು ಹೋದೆವು. ಬೆಳಗಿನ ಬಿಸಿಲಿನಲ್ಲಿ ಅಪರ್ಚರನ್ನು ಪೂರ್ತಿ ತೆರೆದು, ಎಫ್ 2.8ರಲ್ಲಿ, ಇನ್ನೂರು ಮುನ್ನೂರು ಫೋಟೊ ತೆಗೆದೆವು. ಮುರುಟಿದ ಎಲೆಯ ಅಂಚಿನಲ್ಲಿ ಇಬ್ಬನಿ, ಹಿಂದೆ ಬೆಣ್ಣೆಯಂಥ ಹಸಿರು. ಇನ್‌ಸ್ಟಾಗ್ರಾಮಿನಲ್ಲಿ ಹಾಕಿದಾಗ ಲೈಕು ಸುರಿದವು. ಕಾಕಾ ಅವರಿಗೂ ಲ್ಯಾಪ್‌ಟಾಪಿನಲ್ಲಿ ತೋರಿಸಿದೆವು. ಅವರು ಬಹಳ ಹೊತ್ತು ನೋಡಿ ಅಂದರು:

“ಫೋಟೊ ಛಲೋ ಬಂದಾವ ತಮ್ಮಾ, ಗ್ವಾಡಿಗಿ ಹಾಕಾಕ ಅಡ್ಡಿಯಿಲ್ಲ. ಆದ್ರ ಹುಳ ಎಲ್ಲೈತಿ?”

ಹುಳ ಎಲ್ಲೂ ಇರಲಿಲ್ಲ. ದೊಡ್ಡದು ಮಾಡಿದರೆ ಚುಕ್ಕೆಗಳು, ಇನ್ನೂ ದೊಡ್ಡದು ಮಾಡಿದರೆ ಮಸುಕು. “ಕಾಣವಲ್ದು ಕಾಕಾ” ಅಂತ ಹೇಳಿ ಬಂದುಬಿಟ್ಟೆವು. ಆಮೇಲೆ ಇಂಟರ್ನಲ್ಸ್ ಬಂದವು. ಮೂರು ವಾರ ಆ ಕಡೆ ತಲೆ ಹಾಕಲಿಲ್ಲ. ಅಷ್ಟರಲ್ಲಿ ಕಾಕಾ ಅದೇ ಔಷಧಿಯನ್ನು ಇನ್ನೆರಡು ಸಲ ಹೊಡೆದಿದ್ದರು.

ಮೊದಲು ಅಳತೆ

ಇಲ್ಲಿ ಸ್ವಲ್ಪ ನಿಂತು, ಈ ಎರಡು ಕ್ಯಾಮೆರಾಗಳ ವ್ಯತ್ಯಾಸ ಎಷ್ಟು ಅಂತ ನೋಡೋಣ. ಫುಲ್‌ಫ್ರೇಮ್ ಅಂದರೆ ದೇವರು ಕೊಟ್ಟ ಅಳತೆಯೇನಲ್ಲ. 1925ರಲ್ಲಿ ಲೈಕಾ ಕ್ಯಾಮೆರಾ ಮಾರುಕಟ್ಟೆಗೆ ಬಂದಾಗ ಸಿನಿಮಾ ಫಿಲ್ಮನ್ನು ಅಡ್ಡ ಹಿಡಿದು ಅದರಲ್ಲಿ 36×24 ಮಿ.ಮೀ. ಚೌಕಟ್ಟು ಮಾಡಿಕೊಂಡಿದ್ದರು. ಅದೇ ಗಟ್ಟಿಯಾಗಿ ಉಳಿಯಿತು. ನಮ್ಮ ಅಪ್ಪ ಅಮ್ಮನ ಮದುವೆಯ ಆಲ್ಬಮ್ಮಿನ ಫೋಟೊಗಳೂ ಬಹುಪಾಲು ಇದೇ ಅಳತೆಯ ಫಿಲ್ಮಿನವು. ಆವತ್ತು ಅದಕ್ಕೆ ಯಾರೂ ‘ಫುಲ್’ ಅನ್ನುತ್ತಿರಲಿಲ್ಲ, 36 ಫೋಟೊದ ರೋಲು ಅನ್ನುತ್ತಿದ್ದರು. ಡಿಜಿಟಲ್ ಬಂದಾಗ ಅಷ್ಟು ದೊಡ್ಡ ಸೆನ್ಸರ್ ಮಾಡುವುದು ತೀರಾ ದುಬಾರಿಯಾಗಿತ್ತು. ಹಾಗಾಗಿ ಚಿಕ್ಕದನ್ನು ಮಾಡಿದರು. ನಿಕಾನ್, ಸೋನಿಯಲ್ಲಿ ಅದು ಸುಮಾರು 23.5×15.6 ಮಿ.ಮೀ., ಕ್ಯಾನನ್ನಿನಲ್ಲಿ ಸುಮಾರು 22.3×14.9. ಅದೇ ಕ್ರಾಪ್. ಹಳೆಯ ಅಳತೆಯನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದವರಿಗೆ ಅದು ಕತ್ತರಿಸಿದ ಹಾಗೆ ಕಂಡಿತು, ಹೆಸರು ಹಾಗೇ ಬಿತ್ತು.

ಇನ್ನು ಮ್ಯಾಕ್ರೊ. ಲೆನ್ಸಿನ ಮೇಲೆ 1:1 ಅಂತ ಬರೆದಿದ್ದರೆ, ಒಂದು ಮಿಲಿಮೀಟರಿನ ಹುಳು ಸೆನ್ಸರ್ ಮೇಲೂ ಒಂದು ಮಿಲಿಮೀಟರ್ ಆಗಿಯೇ ಬೀಳುತ್ತದೆ ಅಂತ ಅರ್ಥ. ಇದು ಲೆನ್ಸಿನ ಗುಣ. ಹಿಂದೆ ಫುಲ್‌ಫ್ರೇಮ್ ಇರಲಿ, ಕ್ರಾಪ್ ಇರಲಿ, ಆ ಒಂದು ಮಿಲಿಮೀಟರ್ ಬದಲಾಗುವುದಿಲ್ಲ. “ಕ್ರಾಪಿನಲ್ಲಿ 1:1 ಲೆನ್ಸು ಒಂದೂವರೆ ಪಟ್ಟು ಆಗುತ್ತದೆ” ಅಂತ ಕ್ರಾಪ್ ಪಕ್ಷದವರೇ ಕೆಲವರು ಗ್ರೂಪಿನಲ್ಲಿ ಬರೆದಿದ್ದರು. ಅದು ತಪ್ಪು, ನಮ್ಮ ಪಕ್ಷದ್ದಾದರೂ ತಪ್ಪೇ. ಬದಲಾಗುವುದು ಸುತ್ತಲಿನ ಜಾಗ. ಫುಲ್‌ಫ್ರೇಮಿನಲ್ಲಿ ಹುಳುವಿನ ಸುತ್ತ ಎಲೆ ಹೆಚ್ಚು ಕಾಣುತ್ತದೆ, ಕ್ರಾಪಿನಲ್ಲಿ ಕಡಿಮೆ.

ಆದರೆ ಆ ಒಂದು ಮಿಲಿಮೀಟರಿನಲ್ಲಿ ಎಷ್ಟು ಪಿಕ್ಸೆಲ್ ಇವೆ ಅನ್ನುವುದು ಮುಖ್ಯ. 24 ಮೆಗಾಪಿಕ್ಸೆಲ್ ಅಂದರೆ ಅಗಲಕ್ಕೆ ಸುಮಾರು 6000 ಪಿಕ್ಸೆಲ್. ಅದನ್ನು 36 ಮಿ.ಮೀ.ಗೆ ಹಂಚಿದರೆ ಮಿಲಿಮೀಟರಿಗೆ 167. 23.5ಕ್ಕೆ ಹಂಚಿದರೆ 255. ಅಂದರೆ ಒಂದೇ ಲೆನ್ಸು, ಒಂದೇ ದೂರ, ಎರಡೂ 24 ಮೆಗಾಪಿಕ್ಸೆಲ್ ಆದಾಗ ಸಣ್ಣ ಹುಳುವಿನ ಮೇಲೆ ಹೆಚ್ಚು ಪಿಕ್ಸೆಲ್ ಬೀಳುವುದು ಕ್ರಾಪಿನಲ್ಲಿ. ಫುಲ್‌ಫ್ರೇಮಿನಲ್ಲೇ ಅಷ್ಟು ಪಿಕ್ಸೆಲ್ ಬೇಕೆಂದರೆ 61 ಮೆಗಾಪಿಕ್ಸೆಲ್ಲಿನ ಬಾಡಿ ಬೇಕು. ಅದರ ಬೆಲೆ ಕೇಳಿದರೆ ನಮ್ಮ ಹಳೆಯ ವಿದ್ಯಾರ್ಥಿಗಳು ಸಂಘವನ್ನೇ ಬಿಟ್ಟು ಹೋಗುತ್ತಾರೆ.

ಬೆಳಕಿನ ಲಾಭ ಎಲ್ಲಿ ಹೋಗುತ್ತದೆ?

ಫುಲ್‌ಫ್ರೇಮ್ ಪಕ್ಷದವರ ದೊಡ್ಡ ಅಸ್ತ್ರ ಬೆಳಕು. ಸೆನ್ಸರ್ ದೊಡ್ಡದು, ಕ್ಷೇತ್ರಫಲ ಹತ್ತಿರ ಹತ್ತಿರ 2.25 ಪಟ್ಟು, ಆದ್ದರಿಂದ ಹೆಚ್ಚು ಬೆಳಕು ಹಿಡಿಯುತ್ತದೆ, ನಾಯ್ಸ್ ಕಡಿಮೆ. ಮಾತು ಪೂರ್ತಿ ನಿಜ. ರಾಜ್ಯೋತ್ಸವದ ನಾಟಕವನ್ನು ರಾತ್ರಿ ವೇದಿಕೆಯಲ್ಲಿ ತೆಗೆಯುವಾಗ ಈ ಲಾಭ ಕಣ್ಣಿಗೆ ಕಾಣುತ್ತದೆ. ಮ್ಯಾಕ್ರೊದಲ್ಲಿ ಮಾತ್ರ ಈ ಲಾಭ ಬಹುಪಾಲು ಸಂದರ್ಭಗಳಲ್ಲಿ ಕೈಗೆ ಸಿಗುವುದಿಲ್ಲ. ಹೇಗೆ ಅಂತ ಲೆಕ್ಕ ಹಾಕಿಯೇ ನೋಡೋಣ, ಎಂಜಿನಿಯರಿಂಗ್ ಓದುತ್ತಿದ್ದೇವಲ್ಲ.

ಮ್ಯಾಕ್ರೊದಲ್ಲಿ ಎಲ್ಲರಿಗೂ ಕೊರತೆಯಾಗುವುದು ಫೋಕಸ್ಸಿನ ಆಳ, ಅಂದರೆ ಡೆಪ್ತ್ ಆಫ್ ಫೀಲ್ಡ್. ಹುಳುವಿನ ಕಣ್ಣು ಚೂಪಾಗಿ ಬಂದರೆ ಕಾಲು ಮಸುಕು, ಕಾಲು ಬಂದರೆ ಕಣ್ಣು ಮಸುಕು. ಕ್ರಾಪಿನಲ್ಲಿ 1:1 ಇಟ್ಟು ಎಫ್ 8ರಲ್ಲಿ ತೆಗೆದರೆ ಚೂಪಾಗಿ ಬರುವ ಆಳ ಸುಮಾರು 0.64 ಮಿ.ಮೀ. ಅದೇ ಚೌಕಟ್ಟನ್ನು, ಅಂದರೆ ಎಲೆಯ ಅಷ್ಟೇ ಜಾಗವನ್ನು, ಫುಲ್‌ಫ್ರೇಮಿನಲ್ಲಿ ತುಂಬಿಸಬೇಕಾದರೆ ಒಂದೂವರೆ ಪಟ್ಟು ದೊಡ್ಡದು ಮಾಡಬೇಕು. ಆಗ ಅದೇ ಎಫ್ 8ರಲ್ಲಿ ಆಳ ಸುಮಾರು 0.53 ಮಿ.ಮೀ.ಗೆ ಇಳಿಯುತ್ತದೆ. ಕ್ರಾಪಿನಷ್ಟೇ ಆಳ ಬೇಕೆಂದರೆ ಅಪರ್ಚರನ್ನು ಎಫ್ 9.6ರ ಆಸುಪಾಸಿಗೆ ಕಿರಿದು ಮಾಡಬೇಕು.

ಇಲ್ಲಿ ಇನ್ನೊಂದು ಮಾತಿದೆ. ಹತ್ತಿರ ಹೋದಷ್ಟೂ ಲೆನ್ಸು ಸೆನ್ಸರಿನಿಂದ ದೂರ ಸರಿಯುತ್ತದೆ, ಬೆಳಕು ಹರಡಿಕೊಂಡು ತೆಳುವಾಗುತ್ತದೆ. ಲೆನ್ಸಿನ ಮೇಲಿನ ಎಫ್ ಸಂಖ್ಯೆಯನ್ನು, ಎಷ್ಟು ಪಟ್ಟು ದೊಡ್ಡದು ಮಾಡಿದ್ದೇವೋ ಅದಕ್ಕೆ ಒಂದು ಕೂಡಿಸಿ, ಗುಣಿಸಬೇಕು. ಕ್ರಾಪಿನಲ್ಲಿ 8×2 = 16. ಫುಲ್‌ಫ್ರೇಮಿನಲ್ಲಿ 9.6×2.5 = 24. ಸೆನ್ಸರಿಗೆ ನಿಜವಾಗಿ ತಲುಪುತ್ತಿರುವುದು ಎಫ್ 16ರ ಬೆಳಕು ಮತ್ತು ಎಫ್ 24ರ ಬೆಳಕು. ಈ ಎರಡರ ನಡುವಿನ ವ್ಯತ್ಯಾಸ ಎಷ್ಟು ಗೊತ್ತೇ? ಸರಿಯಾಗಿ 2.25 ಪಟ್ಟು. ಕ್ರಾಪಿನಲ್ಲಿ ಐಎಸ್‌ಒ 400 ಸಾಕಾದರೆ ಫುಲ್‌ಫ್ರೇಮಿನಲ್ಲಿ 900 ಬೇಕು. ದೊಡ್ಡ ಸೆನ್ಸರ್ ಒಂದು ಕೈಯಲ್ಲಿ ಕೊಟ್ಟದ್ದನ್ನು ಫೋಕಸ್ಸಿನ ಆಳ ಇನ್ನೊಂದು ಕೈಯಲ್ಲಿ ಕಸಿದುಕೊಂಡಿತು.

ಪಿಯುಸಿಯಲ್ಲಿ ಓದಿದ ಡಿಫ್ರಾಕ್ಷನ್, ಕನ್ನಡ ಮಾಧ್ಯಮದವರ ವಿವರ್ತನೆ, ಅದೂ ಇಬ್ಬರನ್ನೂ ಬಿಡುವುದಿಲ್ಲ. ಎಫ್ 16ರಲ್ಲಿ ಒಂದು ಬೆಳಕಿನ ಬಿಂದು ಸುಮಾರು 21 ಮೈಕ್ರಾನಿನ ತಟ್ಟೆಯಾಗಿ ಹರಡುತ್ತದೆ, ಎಫ್ 24ರಲ್ಲಿ 32 ಮೈಕ್ರಾನ್. 24 ಮೆಗಾಪಿಕ್ಸೆಲ್ ಕ್ರಾಪಿನ ಪಿಕ್ಸೆಲ್ 3.9 ಮೈಕ್ರಾನ್, ಫುಲ್‌ಫ್ರೇಮಿನದು 6. ಭಾಗಿಸಿ ನೋಡಿ, ಎರಡರಲ್ಲೂ ಆ ತಟ್ಟೆ ಐದೂವರೆ ಪಿಕ್ಸೆಲ್ಲಿನಷ್ಟೇ ಅಗಲ. ಒಂದೇ ಚೌಕಟ್ಟು, ಒಂದೇ ಆಳ ಬೇಕು ಅಂದುಕೊಂಡರೆ ಎರಡೂ ಕ್ಯಾಮೆರಾ ಹೆಚ್ಚು ಕಡಿಮೆ ಒಂದೇ ಚಿತ್ರ ಕೊಡುತ್ತವೆ. ಈ ಲೆಕ್ಕವನ್ನು ನಮ್ಮ ಮಾತು ನಂಬಿ ಒಪ್ಪಬೇಡಿ, ಕಾಗದ ತೆಗೆದುಕೊಂಡು ಹಾಕಿ ನೋಡಿ. ತಪ್ಪಿದ್ದರೆ ಶನಿವಾರ ಸಭೆಯಲ್ಲೇ ಹೇಳಿ.

ಎಲೆಯ ಹೊಟ್ಟೆ ಕಡೆ

ಈ ಲೆಕ್ಕವೆಲ್ಲ ನಮಗೆ ಆಮೇಲೆ ಹೊಳೆದದ್ದು. ಅಕ್ಟೋಬರ್ ನಡುವೆ ಗೆಳೆಯ ಊರಿಗೆ ಹೋಗಿ ಬಂದು ಸಪ್ಪಗೆ ಕೂತ. “ಅಪ್ಪ ಇನ್ನೆರಡ ಸಲ ಹೊಡದಾನ. ಅರ್ಧ ಎಕ್ರೆ ಹೋತು” ಅಂದ. ನಮಗೆ ಮುಖ ಎತ್ತಲು ಆಗಲಿಲ್ಲ. ಮತ್ತೆ ಆ ಅಣ್ಣನ ಹತ್ತಿರ ಫುಲ್‌ಫ್ರೇಮ್ ಕೇಳಲು ಹೋದರೆ ಮದುವೆ ಸೀಸನ್ನು, ಕೊಡಲು ಆಗುವುದಿಲ್ಲ ಅಂದ. ಹಾಸ್ಟೆಲ್ಲಿನ ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದ ನಮ್ಮ ನಿಕಾನನ್ನೇ ಹೊರಗೆ ತೆಗೆದೆವು.

ಮ್ಯಾಕ್ರೊ ಲೆನ್ಸ್ ಇರಲಿಲ್ಲ. ಕೆಲವು ನೂರು ರೂಪಾಯಿಗೆ ಸಿಗುವ ರಿವರ್ಸ್ ರಿಂಗ್ ತರಿಸಿ, ಕ್ಯಾಮೆರಾದ ಜೊತೆ ಬಂದಿದ್ದ 18-55 ಕಿಟ್ ಲೆನ್ಸನ್ನು ಹಿಂದುಮುಂದು ಮಾಡಿ ಸಿಕ್ಕಿಸಿದೆವು. ಲೆನ್ಸಿನ ಹಿಂಬದಿಯ ಚಿಕ್ಕ ಲಿವರ್ ತನ್ನಷ್ಟಕ್ಕೆ ಅಪರ್ಚರನ್ನು ಪೂರ್ತಿ ಮುಚ್ಚಿಬಿಡುತ್ತದೆ. ಅದಕ್ಕೆ ಬಸ್ ಟಿಕೆಟ್ ಮಡಚಿ ತುರುಕಿ ಬೇಕಾದಷ್ಟಕ್ಕೆ ನಿಲ್ಲಿಸಿದೆವು. 18 ಮಿ.ಮೀ.ನಲ್ಲಿ ಇಟ್ಟು ಸ್ಕೇಲಿನ ಫೋಟೊ ತೆಗೆದು ಅಳೆದೆವು. ಚೌಕಟ್ಟಿನ ಅಗಲದಲ್ಲಿ ಸುಮಾರು 8 ಮಿ.ಮೀ. ಹಿಡಿಯಿತು. 23.5 ಭಾಗಿಸು 8, ಹತ್ತಿರ ಹತ್ತಿರ ಮೂರು ಪಟ್ಟು. ದುಬಾರಿ 1:1 ಲೆನ್ಸಿಗಿಂತ ಮೂರು ಪಟ್ಟು ದೊಡ್ಡದು!

ಆದರೆ ಕಷ್ಟ ಎರಡು. ಒಂದು, ಎಲೆಗೂ ಲೆನ್ಸಿಗೂ ಮೂರು ನಾಲ್ಕು ಬೆರಳಿನ ಅಂತರ ಅಷ್ಟೇ. ಎರಡು, ಚೂಪಾಗಿ ಬರುವ ಆಳ ಒಂದೆರಡು ಕಾಗದದ ಹಾಳೆಯಷ್ಟು ದಪ್ಪ. ಬಯಲು ಹೊಲದಲ್ಲಿ ಗಾಳಿ ನಿಲ್ಲುವುದೇ ಇಲ್ಲ. ಟ್ರೈಪಾಡ್ ಇಟ್ಟು ಇಪ್ಪತ್ತು ಮೂವತ್ತು ಫೋಟೊ ತೆಗೆದು ಕಂಪ್ಯೂಟರಿನಲ್ಲಿ ಸ್ಟ್ಯಾಕ್ ಮಾಡುವುದೆಲ್ಲ ಅಲ್ಲಿ ಆಗದ ಮಾತು. ನಮ್ಮನ್ನು ಕಾಪಾಡಿದ್ದು ಫ್ಲ್ಯಾಶ್. ಕಡಿಮೆ ಪವರಿನಲ್ಲಿ ಫ್ಲ್ಯಾಶ್ ಹೊಳೆಯುವುದು ಸೆಕೆಂಡಿನ ಸಾವಿರಾರು ಪಾಲಿನಲ್ಲಿ ಒಂದು ಪಾಲು ಹೊತ್ತು ಮಾತ್ರ, ಅಷ್ಟರಲ್ಲಿ ಗಾಳಿಗೂ ಎಲೆ ಅಲ್ಲಾಡಿಸಲು ಪುರಸೊತ್ತಿಲ್ಲ. ಅದರ ಮುಂದೆ ಥರ್ಮಾಕೋಲಿನ ತಟ್ಟೆ ಮತ್ತು ತೊಳೆದ ಹಾಲಿನ ಪಾಕೀಟು ಕಟ್ಟಿ ಬೆಳಕನ್ನು ಮೆತ್ತಗೆ ಮಾಡಿಕೊಂಡೆವು.

ಅಷ್ಟೆಲ್ಲ ಮಾಡಿ ಮತ್ತೆ ಎಲೆಯ ಮೇಲ್ಭಾಗವನ್ನೇ ತೆಗೆಯುತ್ತ ಕೂತಿದ್ದೆವು. ಬುತ್ತಿ ತಂದ ಗೆಳೆಯನ ಅವ್ವ ನಿಂತು ನೋಡಿ ಅಂದರು: “ಎಲಿ ಬೆನ್ನ ಕಡೆ ಏನ ಹುಡಕ್ತೀರಿ? ಹೊಟ್ಟಿ ಕಡೆ ತಿರುವಿ ನೋಡ್ರಿ.”

ತಿರುಗಿಸಿದೆವು. ಚಿಗುರೆಲೆಯ ಕೆಳಗೆ, ನರದ ಪಕ್ಕದಲ್ಲಿ, ಅರೆಪಾರದರ್ಶಕ ಹಳದಿ ಮುತ್ತಿನಂಥವು ಹತ್ತಾರು ಕೂತಿದ್ದವು. ದೊಡ್ಡದು ಮಾಡಿ ಕಾಲು ಎಣಿಸಿದೆವು. ಎಂಟು.

ಈ ಎಂಟು ಅನ್ನುವ ಸಂಖ್ಯೆಯಲ್ಲೇ ಎಲ್ಲ ಇದೆ. ಮೆಣಸಿನಕಾಯಿಯ ಮುಟುರಿಗೆ ಕಾರಣ ಒಂದೇ ಅಲ್ಲ. ಥ್ರಿಪ್ಸ್ ಇರಬಹುದು, ಮೈಟ್ ಇರಬಹುದು, ಬಿಳಿನೊಣ ತರುವ ವೈರಸ್ಸೂ ಇರಬಹುದು. ಥ್ರಿಪ್ಸಿಗೂ ನುಸಿ ಅನ್ನುತ್ತಾರೆ, ಮೈಟಿಗೂ ನುಸಿ ಅನ್ನುತ್ತಾರೆ, ಗೊಂದಲ ಅಲ್ಲಿಂದಲೇ ಶುರು. ಥ್ರಿಪ್ಸ್ ಕೀಟ, ಆರು ಕಾಲು, ಸುಮಾರು ಒಂದು ಮಿಲಿಮೀಟರ್ ಉದ್ದ, ಅದರ ಕಾಟಕ್ಕೆ ಎಲೆಯ ಅಂಚು ಮೇಲಕ್ಕೆ ದೋಣಿಯಂತೆ ಮಡಚುತ್ತದೆ. ಮೈಟ್ ಕೀಟವೇ ಅಲ್ಲ, ಜೇಡನ ಬಳಗ, ಬೆಳೆದದ್ದಕ್ಕೆ ಎಂಟು ಕಾಲು, ಉದ್ದ ಸುಮಾರು 0.2 ಮಿ.ಮೀ. ಅದರ ಕಾಟಕ್ಕೆ ಎಲೆ ಕೆಳಕ್ಕೆ, ಬೋರಲು ಹಾಕಿದ ದೋಣಿಯಂತೆ ಮಡಚುತ್ತದೆ, ಎಲೆಯ ತೊಟ್ಟು ಉದ್ದವಾಗುತ್ತದೆ. ಕೀಟವನ್ನು ಕೊಲ್ಲುವ ಎಷ್ಟೋ ಔಷಧಿಗಳು ಮೈಟನ್ನು ಏನೂ ಮಾಡುವುದಿಲ್ಲ. ಕಾಕಾ ನಾಲ್ಕು ಸಲ ಹೊಡೆದದ್ದು ಥ್ರಿಪ್ಸಿನ ಔಷಧಿ.

0.2 ಮಿ.ಮೀ.ನ ಈ ಪ್ರಾಣಿ 24 ಮೆಗಾಪಿಕ್ಸೆಲ್ ಫುಲ್‌ಫ್ರೇಮಿನಲ್ಲಿ 1:1ಕ್ಕೆ 33 ಪಿಕ್ಸೆಲ್ ಉದ್ದ ಬರುತ್ತದೆ. ಅಷ್ಟರಲ್ಲಿ ಕಾಲು ಎಣಿಸುವುದು ಹೇಗೆ? ನಮ್ಮ ತಲೆಕೆಳಗಾದ ಕಿಟ್ ಲೆನ್ಸಿನಲ್ಲಿ 150 ಪಿಕ್ಸೆಲ್ ಬಂತು. ಕೃಷಿ ಓದಿದ ಗೆಳೆಯನ ಅಕ್ಕನಿಗೆ ಫೋಟೊ ಕಳಿಸಿದೆವು. ಹತ್ತು ನಿಮಿಷದಲ್ಲಿ ಫೋನ್ ಬಂತು. ಮೈಟೇ ಹೌದು, ಇನ್ನು ಮುಂದೆ ಏನು ಹೊಡೆಯಬೇಕು, ಯಾವಾಗ ಹೊಡೆಯಬೇಕು ಅಂತ ಅಪ್ಪನಿಗೆ ಹೇಳಿದಳು. ಉಳಿದ ಹೊಲ ಪೂರ್ತಿ ಅಲ್ಲದಿದ್ದರೂ ಚೇತರಿಸಿಕೊಂಡಿತು. ಹೋದ ಅರ್ಧ ಎಕರೆ ಬರಲಿಲ್ಲ.

ತಪ್ಪು ಫುಲ್‌ಫ್ರೇಮ್ ಕ್ಯಾಮೆರಾದ್ದೇ? ಅಲ್ಲವೇ ಅಲ್ಲ. ಅದನ್ನೇ ತಿರುಗಿಸಿ ಎಲೆಯ ಕೆಳಗೆ ಹಿಡಿದು, ಅಪರ್ಚರ್ ಕಿರಿದು ಮಾಡಿ, ಫ್ಲ್ಯಾಶ್ ಹಾಕಿ, ಅದಕ್ಕೂ ರಿವರ್ಸ್ ರಿಂಗ್ ಕಟ್ಟಿದ್ದರೆ ಅದೂ ತೋರಿಸುತ್ತಿತ್ತು. ಹತ್ತು ಪಟ್ಟಿನ ಕೈಲೆನ್ಸ್ ಇದ್ದಿದ್ದರೆ ಕ್ಯಾಮೆರಾ ಇಲ್ಲದೆಯೂ ಮೊದಲ ದಿನವೇ ಗೊತ್ತಾಗುತ್ತಿತ್ತು. ತಪ್ಪು ನಮ್ಮದು. ದೊಡ್ಡ ಕ್ಯಾಮೆರಾ ಕೈಗೆ ಬಂದ ಕೂಡಲೇ ಅದು ಯಾವುದಕ್ಕೆ ಹೆಸರುವಾಸಿಯೋ ಆ ಮಸುಕು ಹಿನ್ನೆಲೆಯ ಹಿಂದೆ ಓಡಿದೆವು. ಎದುರಿಗೆ ನಿಂತವರು ಕೇಳಿದ್ದು ಬೇರೆಯೇ ಆಗಿತ್ತು.

ವಿರೋಧ ಪಕ್ಷದ ಮಾತು

ಫುಲ್‌ಫ್ರೇಮ್ ಪಕ್ಷದವರ ಮಾತಿನಲ್ಲಿ ನಿಜ ಇರುವುದನ್ನೂ ಹೇಳಬೇಕು. ಗಾಳಿಯಿಲ್ಲದ ಕೋಣೆಯಲ್ಲಿ, ಸತ್ತ ಜೀರುಂಡೆಯನ್ನೋ ಮೆಣಸಿನ ಬೀಜವನ್ನೋ ಇಟ್ಟು, ಕಡಿಮೆ ಐಎಸ್‌ಒನಲ್ಲಿ ಹತ್ತಾರು ಫೋಟೊ ತೆಗೆದು ಸ್ಟ್ಯಾಕ್ ಮಾಡುವಾಗ ಬೆಳಕಿಗೆ ಕೊರತೆಯಿಲ್ಲ, ಆಳಕ್ಕೂ ಕೊರತೆಯಿಲ್ಲ. ಅಲ್ಲಿ ದೊಡ್ಡ ಸೆನ್ಸರ್ ನಿಜವಾಗಿ ಗೆಲ್ಲುತ್ತದೆ. ಪಾತರಗಿತ್ತಿಯನ್ನು ಪೂರ್ತಿ ರೆಕ್ಕೆ ಬಿಚ್ಚಿದ ಹಾಗೆ ತೆಗೆಯಲು ದೊಡ್ಡ ಚೌಕಟ್ಟು ಅನುಕೂಲ. ಮೋಡ ಕವಿದ ದಿನ ಫ್ಲ್ಯಾಶ್ ಇಲ್ಲದೆ ಹೂವು ತೆಗೆಯುವವರಿಗೂ ಅದೇ ಲೇಸು. ರಾಣೇಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯಕ್ಕೆ ಹೋಗಲು ಫುಲ್‌ಫ್ರೇಮ್ ಬೇಕು ಅನ್ನುವವರಿಗೆ ಮಾತ್ರ ನಮ್ಮ ಉತ್ತರ ಬೇರೆ. ನಸುಕಿನ ಬೆಳಕಿಗೆ ಸರಿ, ಆದರೆ ದೂರದ ಚಿಗರಿಗೆ ಅದೇ ಲೆನ್ಸಿನಲ್ಲಿ ಹೆಚ್ಚು ಪಿಕ್ಸೆಲ್ ಕೊಡುವುದು ಮತ್ತೆ ಕ್ರಾಪೇ.

“ಇವತ್ತು ಬಾಡಿ ಕೊಂಡರೆ ನಾಳೆ ಲೆನ್ಸ್ ಬರುತ್ತದೆ” ಅನ್ನುವ ವಾದವೂ ಇದೆ. ನಮ್ಮ ಸಂಘದ ಇತಿಹಾಸ ಬಲ್ಲವರು ಹೇಳಲಿ, ಆ ‘ನಾಳೆ’ ಯಾವಾಗ ಬಂದಿದೆ? ದುಡ್ಡು ಕೊಡುವ ಹಳೆಯ ವಿದ್ಯಾರ್ಥಿಗಳು ವರ್ಷ ವರ್ಷ ಬರುವುದಿಲ್ಲ. ಬಾಡಿ ನಾಲ್ಕೈದು ವರ್ಷಕ್ಕೆ ಹಳತಾಗುತ್ತದೆ. ಲೆನ್ಸು, ಫ್ಲ್ಯಾಶು ನಮ್ಮ ನಂತರದ ನಾಲ್ಕು ಬ್ಯಾಚಿಗೂ ಉಳಿಯುತ್ತವೆ. 35 ಮಿ.ಮೀ. ಚೌಕಟ್ಟಿನ ಮ್ಯಾಕ್ರೊ ಲೆನ್ಸನ್ನೇ ಕೊಂಡರೆ ಅದು ಕ್ರಾಪಿಗೂ ಕೂಡುತ್ತದೆ, ಮುಂದೆ ಅದೇ ಮೌಂಟಿನ ಫುಲ್‌ಫ್ರೇಮ್ ಬಂದರೆ ಅದಕ್ಕೂ ಕೂಡುತ್ತದೆ. ಹಾಗಾಗಿ ನಾವು ಕೇಳುತ್ತಿರುವುದು ಫುಲ್‌ಫ್ರೇಮ್ ಬಾಗಿಲನ್ನು ಮುಚ್ಚಿ ಅಂತಲ್ಲ, ಮೊದಲು ಒಳಗೆ ಹೋಗಿ ಏನು ಮಾಡುತ್ತೀರಿ ಅಂತ.

ಕನಕದಾಸರ ಊರಿನವರಾಗಿ

ಕಾಗಿನೆಲೆಗೆ ಹೋದಾಗ ಆದಿಕೇಶವನ ಗುಡಿ, ಕೆರೆಯ ದಂಡೆ ನೋಡಿ ಸೆಲ್ಫಿ ತೆಗೆದು ಬರುತ್ತೇವೆ. ಕನ್ನಡ ಸಂಘದವರಾದ ನಮಗೆ ಇನ್ನೊಂದು ನೆನಪಾಗಬೇಕಿತ್ತು. ಕನಕದಾಸರ ‘ರಾಮಧಾನ್ಯ ಚರಿತೆ’ಯ ಕಥೆಯೇ ಇಂಥದೊಂದು ಜಗಳ. ಭತ್ತ ಮತ್ತು ರಾಗಿ, ಕಾವ್ಯದ ಹೆಸರಿನಲ್ಲಿ ಹೇಳುವುದಾದರೆ ವ್ರೀಹಿ ಮತ್ತು ನರೆದಲೆಗ, ತಾನು ಮೇಲು ತಾನು ಮೇಲು ಅಂತ ರಾಮನ ಎದುರಿಗೇ ಕಚ್ಚಾಡುತ್ತವೆ. ಭತ್ತ ಉಳ್ಳವರ ಊಟ, ರಾಗಿ ಬಡವರದು. ರಾಮ ಅಲ್ಲೇ ತೀರ್ಪು ಕೊಡುವುದಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿ ಇಡಿಸುತ್ತಾನೆ. ಅವಧಿ ಮುಗಿದಾಗ ಭತ್ತ ಸೊರಗಿದೆ, ರಾಗಿ ಗಟ್ಟಿಯಾಗಿದೆ. ಕುಲದ ಮೇಲು ಕೀಳನ್ನು ಕನಕದಾಸರು ಧಾನ್ಯದ ಬಾಯಲ್ಲಿ ಪ್ರಶ್ನಿಸಿದ ಕಾವ್ಯ ಅದು. ಅದನ್ನು ಕ್ಯಾಮೆರಾ ಜಗಳಕ್ಕೆ ಎಳೆಯುವುದು ಸ್ವಲ್ಪ ಹೆಚ್ಚಾಯಿತು ಅಂತ ನಮಗೂ ಗೊತ್ತು. ಆದರೂ ರಾಮ ಮಾಡಿದ ಕೆಲಸ ನಮಗೆ ಹಿಡಿಸಿತು. ಹೆಸರು ನೋಡಿ ತೀರ್ಪು ಕೊಡಲಿಲ್ಲ, ಪರೀಕ್ಷೆಗೆ ಇಟ್ಟ.

ನಾವೂ ಅದನ್ನೇ ಕೇಳುತ್ತೇವೆ. ಶನಿವಾರದ ಸಭೆಗೆ ಎರಡೂ ಪಕ್ಷದವರು ಒಂದೊಂದು ಫೋಟೊ ತರಲಿ. ಮೆಣಸಿನ ಎಲೆಯ ಕೆಳಭಾಗದ್ದು, ಕಾಲು ಎಣಿಸಲು ಬರುವಂಥದ್ದು. ಯಾವ ಕ್ಯಾಮೆರಾದ್ದು ಅಂತ ಬರೆಯದೆ ಪರದೆಯ ಮೇಲೆ ಹಾಕೋಣ.

ದುಡ್ಡಿನ ಬಗ್ಗೆ ನಮ್ಮ ಪ್ರಸ್ತಾಪ ಹೀಗಿದೆ. ಒಂದು 1:1 ಮ್ಯಾಕ್ರೊ ಲೆನ್ಸು, ಎರಡು ಫ್ಲ್ಯಾಶು, ಎಕ್ಸ್‌ಟೆನ್ಷನ್ ಟ್ಯೂಬು, ರಿವರ್ಸ್ ರಿಂಗು, ಫೋನಿಗೆ ಸಿಕ್ಕಿಸುವ ನಾಲ್ಕು ಮ್ಯಾಕ್ರೊ ಲೆನ್ಸು, ಮತ್ತು ಹತ್ತು ಕೈಲೆನ್ಸುಗಳು. ಕೈಲೆನ್ಸು ಕಂಡು ನಗಬೇಡಿ. ಕ್ಯಾಮೆರಾಕ್ಕಿಂತ ಮೊದಲು ಅದೇ ಕೆಲಸಕ್ಕೆ ಬರುತ್ತದೆ. ಎಲ್ಲವನ್ನೂ ಒಂದು ಪೆಟ್ಟಿಗೆಯಲ್ಲಿಟ್ಟು, ಊರಿಗೆ ಹೋಗುವ ಯಾವ ಸದಸ್ಯ ಕೇಳಿದರೂ ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡು ಕೊಡೋಣ. ನಮ್ಮಲ್ಲಿ ಅರ್ಧಕ್ಕರ್ಧ ಜನ ರೈತರ ಮಕ್ಕಳು. ಒಬ್ಬೊಬ್ಬರೂ ತಮ್ಮ ಹೊಲದ ನಾಲ್ಕು ಎಲೆಯ ಕೆಳಭಾಗ ತೆಗೆದು ತಂದರೆ ಸಾಕು. ತಾರೀಖು, ಊರು, ಬೆಳೆ, ಪಕ್ಕದಲ್ಲೊಂದು ಸ್ಕೇಲು ಇರಲಿ. ನಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ ರಾಣೇಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯಲ್ಲೇ ಇದೆ. ಹುಳು ಯಾವುದು ಅಂತ ಹೇಳುವುದು ಅಲ್ಲಿಯವರ ಕೆಲಸ. ಕಾಣುವ ಹಾಗೆ ತೋರಿಸುವುದು ನಮ್ಮ ಕೈಲಾಗುವ ಕೆಲಸ.

ಹೊಸ ಹುಳುಗಳು ನಮ್ಮನ್ನು ಕೇಳಿ ಬರುವುದಿಲ್ಲ. ಮೆಕ್ಕೆಜೋಳದ ಫಾಲ್ ಆರ್ಮಿವರ್ಮ್ ದೇಶದಲ್ಲಿ ಮೊದಲು ಪತ್ತೆಯಾದದ್ದು 2018ರಲ್ಲಿ, ಪಕ್ಕದ ಶಿವಮೊಗ್ಗದಲ್ಲಿ. ಅದರ ತಲೆಯ ಮೇಲೆ ತಿರುಗಿಸಿದ ಇಂಗ್ಲಿಷ್ ವೈ ಅಕ್ಷರದಂಥ ಗುರುತು ಇರುತ್ತದೆ, ಹತ್ತಿರದ ಫೋಟೊ ಇದ್ದರೆ ಹಳ್ಳಿಯ ಹುಡುಗನೂ ಗುರುತಿಸಬಹುದು. ಮೆಣಸಿನ ಹೂವಿಗೆ ಮುತ್ತುವ ಕಪ್ಪು ಬಣ್ಣದ ಹೊಸ ಥ್ರಿಪ್ಸ್ ನಮ್ಮ ದೇಶದಲ್ಲಿ ಮೊದಲು ವರದಿಯಾದದ್ದು 2015ರಲ್ಲಿ, ಬೆಂಗಳೂರಿನ ಪಪ್ಪಾಯಿಯ ಮೇಲೆ. 2021ರಲ್ಲಿ ಅದು ಆಂಧ್ರ, ತೆಲಂಗಾಣ, ಕರ್ನಾಟಕದ ಮೆಣಸಿನ ಹೊಲಗಳನ್ನು ಹಾಳುಗೆಡವಿತು. ನಡುವಿನ ಆರು ವರ್ಷ ಅದು ಎಲ್ಲೆಲ್ಲಿ ಕೂತಿತ್ತೋ.

ಕಾಕಾ ಮೊನ್ನೆ ಮತ್ತೆ ಫೋನ್ ಮಾಡಿದ್ದರು. ಈ ವರ್ಷದ ಸಸಿ ಹಚ್ಚಿ ಆಗಿದೆಯಂತೆ. “ಯಾವಾಗ ಬರ್ತೀರಿ?” ಅಂತ ಕೇಳಿದರು. ಯಾವ ಕ್ಯಾಮೆರಾ ತರುತ್ತೀರಿ ಅಂತ ಕೇಳಲಿಲ್ಲ. ಭಾನುವಾರ ಬರುತ್ತೇವೆ ಅಂದಿದ್ದೇವೆ. ಶನಿವಾರ ಏನೇ ತೀರ್ಮಾನವಾಗಲಿ, ಹಳೆ ನಿಕಾನಂತೂ ನಮ್ಮ ಜೊತೆ ಬರುತ್ತದೆ. ಬೆಳಗಿನ ಮೊದಲ ಬಸ್ಸು, ಬರುವವರು ಹೆಸರು ಕೊಡಿ. ಮಡಚಿ ತುರುಕಲು ಹಳೆಯ ಬಸ್ ಟಿಕೆಟ್ ಇದ್ದರೆ ತನ್ನಿ.